ಶಾಲೆಯ ಹೆಸರಿಗೆ ಬರೆದ ಭೂಮಿ: ಅಮೆರಿಕದ ‘ಸ್ಟೇಟ್ ಟ್ರಸ್ಟ್ ಲ್ಯಾಂಡ್’ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅರಿಜೋನಾದ ಫೀನಿಕ್ಸ್ ಕಡೆ ಹೊಸದಾಗಿ ಬಂದ ನಮ್ಮವರು ಮನೆ ಹುಡುಕಲು ಹೊರಟಾಗ ಊರಾಚೆಯ ಬಯಲಿನಲ್ಲಿ ಒಂದು ಬೋರ್ಡು ಕಣ್ಣಿಗೆ ಬೀಳುತ್ತದೆ: ‘ಸ್ಟೇಟ್ ಟ್ರಸ್ಟ್ ಲ್ಯಾಂಡ್’. ಅಲ್ಲಿಂದ ಶುರುವಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಅವುಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಅರಿಜೋನಾ, ಯೂಟಾ ಕಡೆಯವು. ಉಳಿದ ರಾಜ್ಯಗಳು ಬೇಕಾದಲ್ಲಿ ಬರುತ್ತವೆ.

ಇದು ಸರ್ಕಾರಿ ಜಮೀನು ತಾನೇ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಊರಿನ ಗೋಮಾಳದ ಹಾಗೆ ‘ಎಲ್ಲರಿಗೂ ಸೇರಿದ್ದು’ ಎಂದುಕೊಂಡರೆ ಮುಂದಿನದ್ದು ಯಾವುದೂ ಅರ್ಥವಾಗುವುದಿಲ್ಲ. ದೇವರ ಹೆಸರಿಗೆ ಬಿಟ್ಟ ದತ್ತಿ ಜಮೀನನ್ನು ನೆನೆಸಿಕೊಳ್ಳಿ. ಉಳುವವನು ಯಾರೋ, ಲೆಕ್ಕ ಇಡುವವನು ಇನ್ನಾರೋ, ಆದರೆ ಬಂದ ಫಲ ದೇವರಿಗೆ. ಇಲ್ಲಿ ದೇವರ ಜಾಗದಲ್ಲಿ ಶಾಲೆ ಇದೆ. ರಾಜ್ಯ ಸರ್ಕಾರ ಧರ್ಮದರ್ಶಿ ಮಾತ್ರ. ಕಾಗದದಲ್ಲಿ ರಾಜ್ಯದ ಹೆಸರಿರಬಹುದು, ಆದರೆ ಆ ಜಮೀನಿನಿಂದ ಬರುವ ಪ್ರತಿ ಡಾಲರೂ ಫಲಾನುಭವಿಗೆ, ಅಂದರೆ ಬಹುಪಾಲು ಸರ್ಕಾರಿ ಶಾಲೆಗಳಿಗೆ, ಸೇರಬೇಕು. ಕೆಲವು ತುಂಡುಗಳು ವಿಶ್ವವಿದ್ಯಾಲಯ, ಆಸ್ಪತ್ರೆ, ಜೈಲುಗಳ ಹೆಸರಿನಲ್ಲೂ ಇವೆ. ಅರಿಜೋನಾದಲ್ಲಿ ಒಟ್ಟು ಸುಮಾರು 92 ಲಕ್ಷ ಎಕರೆ ಇದ್ದು, ಅದರಲ್ಲಿ 80 ಲಕ್ಷಕ್ಕಿಂತ ಹೆಚ್ಚು ಶಾಲೆಗಳದ್ದೇ.

ಹಾಗಾದರೆ ಬೆಳಗ್ಗೆ ವಾಕಿಂಗ್ ಹೋಗಬಹುದಾ?

ಅರಿಜೋನಾದಲ್ಲಿ ಪರ್ಮಿಟ್ ತೆಗೆದುಕೊಂಡರೆ ಹೋಗಬಹುದು. ಇಲ್ಲದಿದ್ದರೆ ಅತಿಕ್ರಮ ಪ್ರವೇಶ. ನ್ಯಾಷನಲ್ ಪಾರ್ಕಿನ ಹಾಗೆ ಇದು ಸಾರ್ವಜನಿಕರ ಜಾಗವಲ್ಲ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ ಬೇರೆ, ಬೋರ್ಡು ಓದಿ.

ಶಾಲೆಗೆ ಜಮೀನು ಬಿಡುವ ಯೋಚನೆ ಯಾರಿಗೆ ಬಂತು?

ಬ್ರಿಟಿಷರಿಂದ ಬಿಡಿಸಿಕೊಂಡ ಹೊಸದರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರದ ಕೈಯಲ್ಲಿ ಕಾಸಿರಲಿಲ್ಲ, ಭೂಮಿ ಮಾತ್ರ ಬೇಕಾದಷ್ಟಿತ್ತು. ಅದನ್ನು ಅಳೆದು ಮಾರಲು 1785ರಲ್ಲಿ ಭೂ ಸುಗ್ರೀವಾಜ್ಞೆ ಬಂತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದೊಂದು ಟೌನ್‌ಶಿಪ್. ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್. ಸೆಕ್ಷನ್ನಿಗೆ 640 ಎಕರೆ. ಅದರಲ್ಲಿ 16ನೇ ಸೆಕ್ಷನ್ನನ್ನು ಆ ಟೌನ್‌ಶಿಪ್ಪಿನ ಶಾಲೆಗೆಂದು ಮಾರದೆ ತೆಗೆದಿಡಬೇಕು ಎಂದು ಬರೆದರು. ಇನ್ನೂ ಸಂವಿಧಾನವೇ ಬರೆದಿಲ್ಲ, ಜನ ಬಂದು ನೆಲೆಸಿಲ್ಲ, ಶಾಲೆಯ ಜಮೀನು ಮಾತ್ರ ಆಗಲೇ ಗುರುತಾಗಿತ್ತು!

ಸೆಕ್ಷನ್‌ಗಳಿಗೆ ಈಗ ನಂಬರ್ ಹಾಕುವ ಕ್ರಮ ರೈತರಿಗೆ ತಟ್ಟನೆ ಹೊಳೆಯುವಂಥದ್ದು. ಈಶಾನ್ಯ ಮೂಲೆಯಲ್ಲಿ 1. ಅಲ್ಲಿಂದ ಪಶ್ಚಿಮಕ್ಕೆ ಹೋಗಿ, ಸಾಲಿನ ಕೊನೆಗೆ ನೇಗಿಲು ಹೂಡಿದ ಎತ್ತು ತಿರುಗಿದ ಹಾಗೆ ತಿರುಗಿ ಮತ್ತೆ ಪೂರ್ವಕ್ಕೆ. ಹೀಗೆ ಎಣಿಸುತ್ತ ಹೋದರೆ 16 ಹೆಚ್ಚುಕಡಿಮೆ ಟೌನ್‌ಶಿಪ್ಪಿನ ನಡುಮಧ್ಯಕ್ಕೆ ಬರುತ್ತದೆ. ಈ ವ್ಯವಸ್ಥೆಯಡಿ ಮೊದಲು ಜಮೀನು ಪಡೆದ ರಾಜ್ಯ 1803ರಲ್ಲಿ ಒಕ್ಕೂಟ ಸೇರಿದ ಒಹಾಯೊ.

ಎಲ್ಲ ರಾಜ್ಯಗಳಿಗೂ ಒಂದೇ ಸೆಕ್ಷನ್ ಸಿಕ್ಕಿತಾ?

ಪಶ್ಚಿಮಕ್ಕೆ ಹೋದಂತೆ ಭೂಮಿ ಒಣಗುತ್ತದೆ, ಎಕರೆಯ ಬೆಲೆ ಇಳಿಯುತ್ತದೆ. ಒಂದು ಸೆಕ್ಷನ್ನಿನಿಂದ ಶಾಲೆ ನಡೆಯದು ಎಂದು 1848ರಲ್ಲಿ ಆರೆಗನ್ ಪ್ರಾಂತ್ಯಕ್ಕೆ 16 ಮತ್ತು 36 ಎರಡನ್ನೂ ಮೀಸಲಿಟ್ಟರು. ಮರುಭೂಮಿಯ ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೊಗಳಿಗೆ ನಾಲ್ಕು: 2, 16, 32, 36. ಅಂದರೆ ಒಂಬತ್ತರಲ್ಲಿ ಒಂದು ಪಾಲು. ಮೂಲ 13 ರಾಜ್ಯಗಳಿಗೆ ಈ ಕೊಡುಗೆ ಇರಲಿಲ್ಲ. ಟೆಕ್ಸಾಸಿನದು ಬೇರೆಯೇ ಕಥೆ, ಮುಂದೆ ಬರುತ್ತದೆ.

ಅದಕ್ಕೂ ಮೊದಲು ಆ ಭೂಮಿ ಯಾರದ್ದಾಗಿತ್ತು?

ಮೂಲನಿವಾಸಿ ಬುಡಕಟ್ಟುಗಳದ್ದು. ಕೆಲವು ಕಡೆ ಒಪ್ಪಂದ ಮಾಡಿಕೊಂಡು, ಆ ಒಪ್ಪಂದವನ್ನೂ ಮುರಿದು, ಕೆಲವು ಕಡೆ ಯುದ್ಧದಲ್ಲಿ ಕಿತ್ತುಕೊಂಡದ್ದು. ‘ಮಕ್ಕಳ ಭೂಮಿ’ ಎಂದು ಹೆಮ್ಮೆಯಿಂದ ಹೇಳುವ ಇಲಾಖೆಗಳ ಕೈಪಿಡಿಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕಾಣುವುದಿಲ್ಲ. ಇಂದಿಗೂ ಹಲವು ರಾಜ್ಯಗಳಲ್ಲಿ ಬುಡಕಟ್ಟುಗಳ ಮೀಸಲು ಪ್ರದೇಶಗಳ ಗಡಿಯೊಳಗೇ ಶಾಲಾ ಟ್ರಸ್ಟಿನ ಸೆಕ್ಷನ್‌ಗಳಿವೆ. ತಮ್ಮದೇ ನೆಲದಲ್ಲಿ ದನ ಮೇಯಿಸಲು ಬುಡಕಟ್ಟಿನವರು ರಾಜ್ಯಕ್ಕೆ ಗುತ್ತಿಗೆ ಹಣ ಕಟ್ಟುವ ಸಂದರ್ಭಗಳೂ ಇವೆ. ಕಾನೂನಿನ ಲೆಕ್ಕ ಚೊಕ್ಕವಾಗಿರಬಹುದು. ನ್ಯಾಯದ ಲೆಕ್ಕ ಹಾಗಿಲ್ಲ.

ನಕ್ಷೆಯಲ್ಲಿ ಈ ಜಮೀನು ಚೆಲ್ಲಾಪಿಲ್ಲಿಯಾಗಿದೆಯಲ್ಲ, ಯಾಕೆ?

ನಂಬರ್ ನೋಡಿ ಕೊಟ್ಟಿದ್ದರಿಂದ. ಯೂಟಾದ ಭೂನಕ್ಷೆ ಬಿಡಿಸಿದರೆ ಒಕ್ಕೂಟ ಸರ್ಕಾರದ ಜಮೀನಿನ ನಡುನಡುವೆ ತಿಳಿನೀಲಿ ಚೌಕಗಳು ಚೌಕಾಬಾರದ ಕವಡೆ ಎಸೆದ ಹಾಗೆ ಬಿದ್ದಿರುತ್ತವೆ. ಅವೇ ಶಾಲೆಯವು. ಒಂಟಿ ಚದರ ಮೈಲಿಗೆ ದಾರಿ ಇಲ್ಲ, ನೀರಿಲ್ಲ, ಸುತ್ತ ಇನ್ನೊಬ್ಬರ ಜಮೀನು. ಏನು ಮಾಡಲೂ ಸುತ್ತಲಿನವರ ಮುಲಾಜು ಬೇಕು.

1996ರಲ್ಲಿ ಅಧ್ಯಕ್ಷ ಕ್ಲಿಂಟನ್ ದಕ್ಷಿಣ ಯೂಟಾದಲ್ಲಿ ಗ್ರ್ಯಾಂಡ್ ಸ್ಟೇರ್‌ಕೇಸ್-ಎಸ್ಕಲಾಂಟೆ ರಾಷ್ಟ್ರೀಯ ಸ್ಮಾರಕ (ಕಟ್ಟಡವಲ್ಲ, ರಕ್ಷಿತ ನಿಸರ್ಗ ಪ್ರದೇಶ) ಘೋಷಿಸಿದಾಗ ಇಂಥ ಎಷ್ಟೋ ಚೌಕಗಳು ಅದರೊಳಗೆ ಸಿಕ್ಕಿಕೊಂಡವು. ಘೋಷಣೆ ನಡೆದದ್ದು ಯೂಟಾದಲ್ಲೂ ಅಲ್ಲ, ಪಕ್ಕದ ಅರಿಜೋನಾದಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ನಿಂತು. ಆ ಕೋಪ ಯೂಟಾದವರಿಗೆ ಇನ್ನೂ ಇಳಿದಿಲ್ಲ. ಕೊನೆಗೆ 1998ರಲ್ಲಿ ಅದಲುಬದಲಾಯಿತು. ಸ್ಮಾರಕ, ಪಾರ್ಕುಗಳೊಳಗಿನ ಸುಮಾರು 3.7 ಲಕ್ಷ ಎಕರೆ ಒಕ್ಕೂಟಕ್ಕೆ ಹೋಯಿತು. ಬದಲಿಗೆ ರಾಜ್ಯದ ಟ್ರಸ್ಟಿಗೆ 5 ಕೋಟಿ ಡಾಲರ್ ನಗದು, ಬೇರೆ ಕಡೆ ಜಮೀನು, ಖನಿಜದ ಹಕ್ಕು ಬಂದವು.

ಈ ಜಮೀನಿನಿಂದ ದುಡ್ಡು ಹುಟ್ಟುವುದು ಹೇಗೆ?

ಊರಿಗೊಂದು ಥರ. ವಾಷಿಂಗ್ಟನ್ ರಾಜ್ಯ, ಆರೆಗನ್, ಐಡಾಹೊ ಕಡೆ ಮರ. ನ್ಯೂ ಮೆಕ್ಸಿಕೊ, ಟೆಕ್ಸಾಸಿನಲ್ಲಿ ಎಣ್ಣೆ, ಅನಿಲ. ವಯೋಮಿಂಗ್‌ನಲ್ಲಿ ಕಲ್ಲಿದ್ದಲು, ಅನಿಲ. ಮಿನೆಸೋಟದಲ್ಲಿ ಕಬ್ಬಿಣದ ಅದಿರು. ಅರಿಜೋನಾದಲ್ಲಿ ಮನೆ, ಮಾಲ್, ಕಾರ್ಖಾನೆ ಕಟ್ಟುವವರಿಗೆ ಜಮೀನು ಮಾರಾಟ. ಪಶ್ಚಿಮದ ಬಹುತೇಕ ರಾಜ್ಯಗಳಲ್ಲಿ ದನ ಮೇಯಿಸುವ ಗುತ್ತಿಗೆ ಇದೆ. ಎಕರೆಯಲ್ಲಿ ಅದರದ್ದೇ ಸಿಂಹಪಾಲು, ಆದರೆ ಆದಾಯ ಚಿಲ್ಲರೆ. ಈಚೆಗೆ ಸೋಲಾರ್ ಫಲಕ, ಗಾಳಿಯಂತ್ರಗಳ ಗುತ್ತಿಗೆಯೂ ಸೇರಿಕೊಂಡಿದೆ.

ಬಂದ ದುಡ್ಡು ನೇರ ಶಾಲೆಗೆ ಹೋಗುತ್ತಾ?

ತೆಂಗಿನ ತೋಟದ ಲೆಕ್ಕ ಹಾಕಿ. ಕಾಯಿ ಮಾರಿದ ದುಡ್ಡು ಮನೆ ಖರ್ಚಿಗೆ. ತೋಟವನ್ನೇ ಮಾರಿದರೆ, ಅಥವಾ ಮಣ್ಣು ತೆಗೆದು ಮಾರಿದರೆ, ಆ ದುಡ್ಡು ಅಸಲು. ಅದನ್ನು ಮುಟ್ಟುವ ಹಾಗಿಲ್ಲ, ಬಡ್ಡಿ ಮಾತ್ರ ತಿನ್ನಬೇಕು. ಅರಿಜೋನಾದಲ್ಲಿ ಗುತ್ತಿಗೆ ಬಾಡಿಗೆ ಆಯಾ ವರ್ಷದ ಖರ್ಚಿಗೆ ಹೋಗುತ್ತದೆ. ಮಾರಾಟದ ಹಣ, ಖನಿಜದ ರಾಯಧನ ಎರಡೂ ಶಾಶ್ವತ ನಿಧಿಗೆ. ನಿಧಿಯನ್ನು ಷೇರು, ಬಾಂಡುಗಳಲ್ಲಿ ಹೂಡಿ, ವರ್ಷಕ್ಕೆ ಇಷ್ಟು ಶೇಕಡಾ ಎಂದು ಶಾಲೆಗಳಿಗೆ ಹಂಚುತ್ತಾರೆ. ಹಂಚುವ ರೀತಿ ಮತ್ತೆ ರಾಜ್ಯಕ್ಕೊಂದು. ವಾಷಿಂಗ್ಟನ್‌ನಲ್ಲಿ ಶಾಲಾ ಕಟ್ಟಡಗಳಿಗೆ. ವಿಸ್ಕಾನ್ಸಿನ್‌ನಲ್ಲಿ ಶಾಲಾ ಲೈಬ್ರರಿಗೆ. ಇದು ನನಗೆ ಬಹಳ ಇಷ್ಟವಾದ ಏರ್ಪಾಡು. ಹತ್ತೊಂಬತ್ತನೇ ಶತಮಾನದಲ್ಲಿ ಮಾರಿದ ಜಮೀನಿನ ಬಡ್ಡಿಯಿಂದ ಇಂದಿನ ಮಗು ಓದುವ ಪುಸ್ತಕ ಬರುತ್ತದೆ.

ಸರ್ಕಾರಕ್ಕೆ ರಸ್ತೆ ಬೇಕಾದರೆ ಪುಕ್ಕಟೆ ತೆಗೆದುಕೊಳ್ಳಬಹುದಲ್ಲ?

ಅರಿಜೋನಾದವರು ಹಾಗೇ ಅಂದುಕೊಂಡಿದ್ದರು. ಹೆದ್ದಾರಿ ಇಲಾಖೆ ಶಾಲೆಯ ಜಮೀನಿನ ಮೇಲೆ ರಸ್ತೆ ಎಳೆದು, ‘ರಸ್ತೆಯಿಂದ ಉಳಿದ ಜಮೀನಿಗೆ ಬೆಲೆ ಏರುತ್ತದೆ, ಪರಿಹಾರ ಯಾಕೆ?’ ಎಂದು ವಾದಿಸಿತು. 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರಾಜ್ಯದ ಒಂದು ಇಲಾಖೆ ಅದೇ ರಾಜ್ಯದ ಇನ್ನೊಂದು ಇಲಾಖೆಗೆ ಪೂರ್ತಿ ಬೆಲೆ ಕಟ್ಟಬೇಕು ಎಂದು ತೀರ್ಪು ಕೊಟ್ಟಿತು. ಎಡಗೈಯಿಂದ ಬಲಗೈಗೆ ದುಡ್ಡು ಕೊಟ್ಟ ಹಾಗೆ ಕಾಣುತ್ತದೆ. ಆದರೆ ಎರಡನೇ ಕೈ ಸರ್ಕಾರದ್ದಲ್ಲ, ಮಕ್ಕಳದ್ದು.

ಅದಕ್ಕೂ ಮುಂಚೆ 1919ರಲ್ಲಿ ನ್ಯೂ ಮೆಕ್ಸಿಕೊ ಸಿಕ್ಕಿಬಿದ್ದಿತ್ತು. ‘ನಮ್ಮ ರಾಜ್ಯಕ್ಕೆ ಬನ್ನಿ’ ಎಂದು ಪ್ರಚಾರ ಮಾಡಲು ಟ್ರಸ್ಟಿನ ಆದಾಯದಲ್ಲಿ ನೂರಕ್ಕೆ ಮೂರು ಪಾಲು ಬಳಸುವ ಯೋಜನೆ ಹಾಕಿತ್ತು. ಆಗದು ಎಂದಿತು ಸುಪ್ರೀಂ ಕೋರ್ಟ್. ಉದ್ದೇಶ ಒಳ್ಳೆಯದಾದರೂ ಟ್ರಸ್ಟಿನ ದುಡ್ಡು ಟ್ರಸ್ಟಿಗೇ.

ಹೋಗಲಿ, ಪಾರ್ಕ್ ಮಾಡಿ ಹಾಗೇ ಬಿಡಬಾರದಾ?

ಬಿಡಬಹುದು, ಯಾರಾದರೂ ದುಡ್ಡು ಕೊಟ್ಟರೆ. ಸ್ಕಾಟ್ಸ್‌ಡೇಲ್ ನಗರದ ಮೆಕ್‌ಡವೆಲ್ ಸೊನೋರನ್ ಪ್ರಿಸರ್ವ್ ಇಂದು 30 ಸಾವಿರ ಎಕರೆ ದಾಟಿದೆ. ಅದರಲ್ಲಿ ದೊಡ್ಡ ಪಾಲು ಟ್ರಸ್ಟ್ ಜಮೀನಾಗಿತ್ತು. ಊರಿನವರು 1995ರಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹೇರಿಕೊಂಡು, ಆ ದುಡ್ಡಿನಲ್ಲಿ ಹರಾಜಿಗೆ ಹೋಗಿ ಕೊಂಡರು.

ಇದಕ್ಕಿಂತ ರೋಚಕವಾದದ್ದು ವಯೋಮಿಂಗ್‌ನ ಕೆಲ್ಲಿ ಪಾರ್ಸೆಲ್. ಗ್ರ್ಯಾಂಡ್ ಟೀಟನ್ ನ್ಯಾಷನಲ್ ಪಾರ್ಕಿನ ಒಳಗೆ ಶಾಲಾ ಟ್ರಸ್ಟಿನ ಒಂದೇ ಒಂದು ಚದರ ಮೈಲಿ, 640 ಎಕರೆ. ಜಿಂಕೆ, ಎಲ್ಕ್, ಚಿಗರೆಯಂಥ ಪ್ರಾಣಿಗಳು ಓಡಾಡುವ ದಾರಿ. ದನ ಮೇಯಿಸಿ ಬರುವ ಬಾಡಿಗೆ ಲೆಕ್ಕಕ್ಕಿಲ್ಲ, ಆದರೆ ಹರಾಜಿಗಿಟ್ಟರೆ ಕೋಟ್ಯಧಿಪತಿಗಳು ಬಂಗಲೆ ಕಟ್ಟಲು ಸಾಲು ನಿಲ್ಲುವಂಥ ಜಾಗ. ಹರಾಜು ಬೇಕೇ ಬೇಡವೇ ಎಂದು ಜಗಳ ಎದ್ದಿತು. ಕೊನೆಗೆ 2024ರ ಡಿಸೆಂಬರ್ ಕೊನೆಗೆ 10 ಕೋಟಿ ಡಾಲರಿಗೆ ಪಾರ್ಕಿಗೇ ಮಾರಾಟವಾಯಿತು. ಅದರಲ್ಲಿ 6.24 ಕೋಟಿ ಒಕ್ಕೂಟ ಸರ್ಕಾರದ್ದು, ಉಳಿದ 3.76 ಕೋಟಿ ದಾನಿಗಳದ್ದು. ಪ್ರಾಣಿಗಳ ದಾರಿಯೂ ಉಳಿಯಿತು, ಶಾಲೆಗೂ ದುಡ್ಡು ಬಂತು.

ಆರೆಗನ್ನಿನ ಎಲಿಯಟ್ ಕಾಡು ಇದೇ ದಾರಿ ಹಿಡಿಯಿತು. ಗೂಬೆಯ ಮತ್ತು ಮರ್ಲೆಟ್ ಎಂಬ ಕಡಲಹಕ್ಕಿಯ ರಕ್ಷಣೆಯ ಕಾನೂನಿನಿಂದ ಮರ ಕಡಿಯುವುದು ಬಹುಮಟ್ಟಿಗೆ ನಿಂತು, ಕಾಡಿನಿಂದ ಶಾಲಾ ನಿಧಿಗೆ ನಷ್ಟವೇ ಆಗತೊಡಗಿತ್ತು. ಶಾಸನಸಭೆ ಒಟ್ಟು 22.1 ಕೋಟಿ ಡಾಲರನ್ನು ನಿಧಿಗೆ ತುಂಬಿಕೊಟ್ಟು ಕಾಡನ್ನು ಟ್ರಸ್ಟಿನ ಹೊಣೆಯಿಂದ ಬಿಡಿಸಿತು.

ಹರಾಜಿನಲ್ಲಿ ಯಾರು ಬೇಕಾದರೂ ಕೂಗಬಹುದಾ?

ಬಹುದು. ಅರಿಜೋನಾ ರಾಜ್ಯವಾಗಲು ದಾರಿ ಮಾಡಿದ 1910ರ ಕಾಯ್ದೆಯಲ್ಲೇ ಬಹಿರಂಗ ಹರಾಜು ಆಗಬೇಕು, ಅಂದಾಜು ಬೆಲೆಗಿಂತ ಕಡಿಮೆಗೆ ಕೊಡಬಾರದು ಎಂದಿದೆ. ಆದರೆ ಕೂಗುವವರು ಒಬ್ಬರೇ ಇರುವ ಹರಾಜುಗಳೂ ಉಂಟು. ಚಿಪ್ ತಯಾರಿಸುವ ತೈವಾನಿನ ಟಿಎಸ್‌ಎಂಸಿ 2020ರ ಡಿಸೆಂಬರ್‌ನಲ್ಲಿ ಉತ್ತರ ಫೀನಿಕ್ಸ್‌ನಲ್ಲಿ 1,100 ಎಕರೆಗೂ ಹೆಚ್ಚು ಟ್ರಸ್ಟ್ ಜಮೀನನ್ನು 8.9 ಕೋಟಿ ಡಾಲರಿಗೆ ಕೊಂಡದ್ದು ಹಾಗೆಯೇ, ಎದುರು ಕೂಗು ಇರಲಿಲ್ಲ. ಹತ್ತಿಪ್ಪತ್ತು ಗುಂಟೆಯ ಸೈಟ್ ಸಿಗಬಹುದು ಎಂದು ಆಸೆ ಇಟ್ಟುಕೊಳ್ಳಬೇಡಿ. ನಗರದ ಅಂಚಿನಲ್ಲಿ ಮಾರುವುದೆಲ್ಲ ಬಿಲ್ಡರುಗಳಿಗೆ ದೊಡ್ಡ ದೊಡ್ಡ ತುಂಡು.

ಇನ್ನೊಂದು ಸ್ವಾರಸ್ಯ. ದನದ ಗುತ್ತಿಗೆಗೆ ದನ ಸಾಕದವರೂ ಕೂಗಬಹುದೇ? ಐಡಾಹೊ, ಅರಿಜೋನಾಗಳಲ್ಲಿ ಪರಿಸರವಾದಿಗಳು ‘ನಾವು ಹೆಚ್ಚು ಬಾಡಿಗೆ ಕೊಡುತ್ತೇವೆ, ಹುಲ್ಲನ್ನು ಹಾಗೇ ಬಿಡುತ್ತೇವೆ’ ಎಂದು ಬಂದಾಗ ಅಧಿಕಾರಿಗಳು ತಳ್ಳಿಹಾಕಿದರು. ಐಡಾಹೊದ ಸುಪ್ರೀಂ ಕೋರ್ಟ್ 1999ರಲ್ಲಿ, ಅರಿಜೋನಾದ್ದು 2001ರಲ್ಲಿ, ಅವರ ಪರ ನಿಂತವು. ಮಕ್ಕಳಿಗೆ ಹೆಚ್ಚು ದುಡ್ಡು ಕೊಡುವವನನ್ನು ಬಾಗಿಲಲ್ಲೇ ತಡೆಯುವ ಹಕ್ಕು ಧರ್ಮದರ್ಶಿಗಿಲ್ಲ ಎಂಬುದು ಅದರ ತಿರುಳು.

ಸೌದಿ ದನಗಳಿಗೆ ಅರಿಜೋನಾದಿಂದ ಹುಲ್ಲು ಹೋಗುತ್ತಿತ್ತಂತೆ, ನಿಜವಾ?

ನಿಜ. ಸೌದಿ ಅರೇಬಿಯಾದ ಹೈನು ಕಂಪನಿ ಅಲ್ಮರಾಯ್‌ಗೆ ಸೇರಿದ ಫೊಂಡೊಮಾಂಟೆ, ಬಟ್ಲರ್ ಕಣಿವೆಯ ಸುಮಾರು 3,500 ಎಕರೆ ಟ್ರಸ್ಟ್ ಜಮೀನನ್ನು ಎಕರೆಗೆ ವರ್ಷಕ್ಕೆ 25 ಡಾಲರಿನಂತೆ ಗುತ್ತಿಗೆ ಹಿಡಿದು ಕುದುರೆಮಸಾಲೆ ಸೊಪ್ಪು ಬೆಳೆದು ಹಡಗಿಗೆ ಹಾಕುತ್ತಿತ್ತು. ಜನರ ಹೊಟ್ಟೆ ಉರಿಸಿದ್ದು ಬಾಡಿಗೆ ಅಲ್ಲ, ನೀರು. ಬೋರ್‌ವೆಲ್ ಕೊರೆದು ಎಷ್ಟು ಅಂತರ್ಜಲ ಎತ್ತಿದರೂ ಲೆಕ್ಕವಿಲ್ಲ, ದರವಿಲ್ಲ. 2023ರ ಅಕ್ಟೋಬರ್‌ನಲ್ಲಿ ಗವರ್ನರ್ ಕೇಟಿ ಹಾಬ್ಸ್ ಒಂದು ಗುತ್ತಿಗೆ ರದ್ದು ಮಾಡಿ, ಉಳಿದ ಮೂರನ್ನು ಮುಂದುವರಿಸುವುದಿಲ್ಲ ಎಂದು ಘೋಷಿಸಿದರು. ಕಂಪನಿ ಎಲ್ಲಿಯದು ಎಂಬುದೇ ದೊಡ್ಡ ಸುದ್ದಿಯಾಯಿತು. ನನ್ನ ದೃಷ್ಟಿಯಲ್ಲಿ ದೊಡ್ಡ ಪ್ರಶ್ನೆ ಬೇರೆ: ಜಮೀನಿನ ಕೆಳಗಿನ ನೀರೂ ಟ್ರಸ್ಟಿನ ಆಸ್ತಿಯಾದರೆ, ಸ್ಥಳೀಯ ರೈತ ಎತ್ತಿದರೂ ಬೆಲೆ ಕಟ್ಟಬೇಕಲ್ಲವೇ?

ನನ್ನ ಮಗುವಿನ ಶಾಲೆಗೆ ಇದರಿಂದ ಎಷ್ಟು ಬರುತ್ತದೆ?

ಹೆಚ್ಚಿನ ರಾಜ್ಯಗಳಲ್ಲಿ ಶಾಲಾ ಬಜೆಟ್ಟಿನ ಸಣ್ಣ ಪಾಲು. ಶಾಲೆಗಳು ನಡೆಯುವುದು ಆಸ್ತಿ ತೆರಿಗೆ, ರಾಜ್ಯದ ತೆರಿಗೆಗಳಿಂದಲೇ. ‘ಇಷ್ಟು ಲಕ್ಷ ಎಕರೆ ಇದೆ, ಇನ್ನು ತೆರಿಗೆ ಯಾಕೆ’ ಎನ್ನುವವರಿಗೆ ಇದನ್ನು ಹೇಳಿ.

ಆ ದುಡ್ಡಿನ ಬಗ್ಗೆ ಪೋಷಕರು ಮಾತಾಡಬಹುದಾ?

ಯೂಟಾದಲ್ಲಿ ಖಂಡಿತ. ಅಲ್ಲಿ 1994ರಲ್ಲಿ ಟ್ರಸ್ಟ್ ಜಮೀನಿಗೆಂದೇ ಪ್ರತ್ಯೇಕ ಸಂಸ್ಥೆ ಕಟ್ಟಿದರು. ಆಮೇಲೆ ಆದಾಯ ಏರಿತು, ನಿಧಿ ಈಗ 3 ಬಿಲಿಯನ್ ಡಾಲರ್ ದಾಟಿದೆ. ಪ್ರತಿ ಶಾಲೆಗೂ ಅದರ ಪಾಲು ನೇರ ಬರುತ್ತದೆ. ಖರ್ಚಿನ ಯೋಜನೆ ಹಾಕುವುದು ಶಾಲೆಯ ಕಮ್ಯುನಿಟಿ ಕೌನ್ಸಿಲ್, ಅದರಲ್ಲಿ ಸಿಬ್ಬಂದಿಗಿಂತ ಪೋಷಕರೇ ಹೆಚ್ಚು. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ನೋಡಿದವರಿಗೆ ಇದರ ರೂಪ ಪರಿಚಿತವೇ. ಒಂದೇ ವ್ಯತ್ಯಾಸ, ಇಲ್ಲಿ ಸಮಿತಿಯ ಕೈಯಲ್ಲಿ ನಿಜವಾಗಿ ದುಡ್ಡಿದೆ. ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಸಹಾಯಕ ಶಿಕ್ಷಕಿ ಬೇಕೋ, ಗಣಿತಕ್ಕೆ ಹೆಚ್ಚಿನ ತರಗತಿ ಬೇಕೋ, ಕಂಪ್ಯೂಟರ್ ಬೇಕೋ, ಅವರೇ ತೀರ್ಮಾನಿಸುತ್ತಾರೆ. ಸಾಲ್ಟ್ ಲೇಕ್ ಕಡೆ ಇರುವ ಕನ್ನಡದ ಅಪ್ಪ ಅಮ್ಮಂದಿರು ಚುನಾವಣೆಗೆ ನಿಲ್ಲಿ. ಸಾಮಾನ್ಯವಾಗಿ ಜಾಗ ಖಾಲಿಯೇ ಇರುತ್ತದೆ!

ನಿಧಿಯಿಂದ ಹೆಚ್ಚು ತೆಗೆಯಿರಿ ಎಂದು ಜಗಳ ಯಾಕೆ?

ಇಂದಿನ ಮಗುವಿಗೋ, ನಾಳೆ ಹುಟ್ಟುವ ಮಗುವಿಗೋ ಎಂಬ ಜಗಳ ಅದು. ಅರಿಜೋನಾ 2016ರಲ್ಲಿ ಪ್ರೊಪೊಸಿಷನ್ 123 ಎಂಬ ಪ್ರಸ್ತಾವವನ್ನು ಮತಕ್ಕಿಟ್ಟು, ವರ್ಷಕ್ಕೆ ತೆಗೆಯುವ ಪಾಲನ್ನು ಶೇ. 2.5ರಿಂದ 6.9ಕ್ಕೆ ಹತ್ತು ವರ್ಷಗಳ ಮಟ್ಟಿಗೆ ಏರಿಸಿತು. ಗೆದ್ದದ್ದು ಕೂದಲೆಳೆಯ ಅಂತರದಲ್ಲಿ. ‘ಬೆಳೆಯುವ ಮರದ ಕೊಂಬೆ ಕಡಿಯುತ್ತಿದ್ದೀರಿ’ ಎಂದವರು ಒಂದು ಕಡೆ, ‘ಈಗ ಓದುವ ಮಗು ಇನ್ನು ಹತ್ತು ವರ್ಷಕ್ಕೆ ಮಗುವೇ ಆಗಿರುವುದಿಲ್ಲ’ ಎಂದವರು ಇನ್ನೊಂದು ಕಡೆ. 2025ರ ಜೂನ್‌ನಲ್ಲಿ ಅವಧಿ ಮುಗಿದು ಮತ್ತೆ 2.5ಕ್ಕೆ ಇಳಿಯಿತು. ನ್ಯೂ ಮೆಕ್ಸಿಕೊದಲ್ಲಿ ಮತದ ಅಂತರ ಇಷ್ಟು ಸಣ್ಣದಿರಲಿಲ್ಲ. ಎಣ್ಣೆಯ ರಾಯಧನದಿಂದ ನಿಧಿ ಉಬ್ಬುತ್ತಿದ್ದಾಗ, 2022ರ ನವೆಂಬರ್‌ನಲ್ಲಿ ಸುಮಾರು ಶೇ. 70 ಮತದಿಂದ ಇನ್ನೂ ಶೇ. 1.25 ತೆಗೆಯಲು ಒಪ್ಪಿದರು. ಅದರಲ್ಲಿ ಹೆಚ್ಚಿನ ಪಾಲು ಶಾಲೆಗೂ ಮುಂಚಿನ ಪುಟ್ಟ ಮಕ್ಕಳ ಕಲಿಕೆಗೆ.

ಟೆಕ್ಸಾಸ್ ಯಾಕೆ ಬೇರೆ?

ಅದು ಸ್ವತಂತ್ರ ದೇಶವಾಗಿದ್ದು ಆಮೇಲೆ ಒಕ್ಕೂಟ ಸೇರಿತು. ಸೇರುವಾಗ ತನ್ನ ಭೂಮಿಯನ್ನು ತಾನೇ ಇಟ್ಟುಕೊಂಡಿತು, ಹಾಗಾಗಿ 16ನೇ ಸೆಕ್ಷನ್ನಿನ ಮಾತೇ ಬರಲಿಲ್ಲ. ಗಡಿ ತಗಾದೆ ಬಿಟ್ಟುಕೊಟ್ಟದ್ದಕ್ಕೆ ಒಕ್ಕೂಟದಿಂದ ಬಂದ ಹಣದಲ್ಲಿ 20 ಲಕ್ಷ ಡಾಲರ್ ತೆಗೆದು 1854ರಲ್ಲಿ ಶಾಲಾ ನಿಧಿ ಹುಟ್ಟುಹಾಕಿತು. 1876ರ ಸಂವಿಧಾನ ಉಳಿದಿದ್ದ ಸಾರ್ವಜನಿಕ ಭೂಮಿಯಲ್ಲಿ ಅರ್ಧ ಅದಕ್ಕೆ ಕೊಟ್ಟಿತು. ಈಗ ನಿಧಿ 50 ಬಿಲಿಯನ್ ಡಾಲರಿಗೂ ಹೆಚ್ಚು. ಬಡ್ಡಿ ಹಂಚುವುದಲ್ಲದೆ ಶಾಲಾ ಜಿಲ್ಲೆಗಳ ಸಾಲಕ್ಕೆ ಜಾಮೀನೂ ನಿಲ್ಲುತ್ತದೆ. ಹಾಗಾಗಿ ಬಡ ಜಿಲ್ಲೆಗೂ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆ.

ದುಡ್ಡಿಗಾಗಿ ಕಾಡು ಕಡಿಯಲೇಬೇಕಾ?

ವಾಷಿಂಗ್ಟನ್ ರಾಜ್ಯದಲ್ಲಿ ಬಹಳ ಕಾಲ ಹಾಗೇ ತಿಳಿದಿದ್ದರು. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭೂಮಿ ‘ಎಲ್ಲ ಜನರಿಗಾಗಿ’ ಎಂದು ಸಂವಿಧಾನದಲ್ಲಿ ಇರುವುದನ್ನು ಎತ್ತಿ ಹಿಡಿದು, ಗರಿಷ್ಠ ಆದಾಯವೇ ಏಕೈಕ ಗುರಿ ಆಗಬೇಕಿಲ್ಲ ಎಂದಿತು. ಕಡಿಯಬೇಡಿ ಎಂದೂ ಹೇಳಲಿಲ್ಲ, ವಿವೇಚನೆಯನ್ನು ಇಲಾಖೆಗೆ ಬಿಟ್ಟಿತು. ಐಡಾಹೊದ ಸಂವಿಧಾನ ಇದಕ್ಕೆ ತದ್ವಿರುದ್ಧ: ದೀರ್ಘಕಾಲದ ಗರಿಷ್ಠ ಆದಾಯ ತರಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಕೊಲರಾಡೊ 1996ರಲ್ಲಿ ಜನಮತದಿಂದ ಸಂವಿಧಾನವನ್ನೇ ತಿದ್ದಿ 3 ಲಕ್ಷ ಎಕರೆಯನ್ನು ಕಾಪಾಡಿಕೊಳ್ಳಲು ಬೇರೆ ಇಟ್ಟಿತು.

ಇಷ್ಟೆಲ್ಲ ಜಮೀನಿನಲ್ಲಿ ಗೋಲ್‌ಮಾಲ್ ಆಗಿಲ್ಲವಾ?

ಆಗದೆ ಇರುತ್ತದಾ! ಮಿಸಿಸಿಪ್ಪಿಯಲ್ಲಿ ಶಾಲೆಯ ಸೆಕ್ಷನ್‌ಗಳನ್ನು 99 ವರ್ಷದ ಗುತ್ತಿಗೆಗೆ ಪುಡಿಗಾಸಿಗೆ ಕೊಟ್ಟಿದ್ದರು. ಮಾರುಕಟ್ಟೆ ಬಾಡಿಗೆ ವಸೂಲಿ ಮಾಡಬೇಕೆಂದು ಕಾನೂನು ಬಂದದ್ದು 1978ರಲ್ಲಿ. ಅದೇ ರಾಜ್ಯದ ಉತ್ತರ ಭಾಗದಲ್ಲಿ ಚಿಕಸಾ ಬುಡಕಟ್ಟಿನಿಂದ ಪಡೆದ ಪ್ರದೇಶದ ಶಾಲಾ ಜಮೀನು ಮಾರಿ ದುಡ್ಡನ್ನು ರೈಲು ಕಂಪನಿಗಳಿಗೆ ಸಾಲ ಕೊಟ್ಟರು, ಅಂತರ್ಯುದ್ಧದಲ್ಲಿ ಹಳಿಗಳೂ ಹೋದವು, ದುಡ್ಡೂ ಹೋಯಿತು. ನೆವಾಡ ತನಗೆ ಬಂದದ್ದನ್ನು ಹೆಚ್ಚುಕಡಿಮೆ ಪೂರ್ತಿ ಮಾರಿಕೊಂಡು, ಈಗ ಸುಮಾರು 3,000 ಎಕರೆ ಉಳಿಸಿಕೊಂಡಿದೆ. ಅರಿಜೋನಾ, ನ್ಯೂ ಮೆಕ್ಸಿಕೊಗಳ ಕಾಯ್ದೆಯಲ್ಲಿ ಅಷ್ಟೊಂದು ಕಟ್ಟುಪಾಡು ಇರುವುದು ಹಿಂದಿನವರ ಈ ಲೀಲೆಗಳನ್ನು ಒಕ್ಕೂಟ ಸರ್ಕಾರದವರು ನೋಡಿದ್ದರಿಂದಲೇ.

ಮನೆ ಹಿಂದೆ ಟ್ರಸ್ಟ್ ಜಮೀನಿದೆ, ಯಾವತ್ತೂ ಬಯಲಾಗೇ ಇರುತ್ತೆ ಅಂತ ಏಜೆಂಟ್ ಹೇಳಿದ. ನಂಬಬಹುದಾ?

ನಂಬಬೇಡಿ. ಇಂದು ಕತ್ತಾಳೆ, ಸಗ್ವಾರೊ ಕಳ್ಳಿ ಕಾಣುವ ಕಿಟಕಿಯಲ್ಲಿ ಐದು ವರ್ಷಕ್ಕೆ ಗೋದಾಮಿನ ಗೋಡೆ ಕಾಣಬಹುದು. ಜಮೀನು ಯಾರ ಹೆಸರಲ್ಲಿದೆ, ಹರಾಜಿಗೆ ಅರ್ಜಿ ಬಿದ್ದಿದೆಯೇ ಎಂಬುದನ್ನು ಸ್ಟೇಟ್ ಲ್ಯಾಂಡ್ ಇಲಾಖೆಯ ಆನ್‌ಲೈನ್ ನಕ್ಷೆ, ಹರಾಜು ಪ್ರಕಟಣೆಗಳಲ್ಲಿ ನೋಡಿ. ನಗರಸಭೆಯ ಕಚೇರಿಯಲ್ಲಿ ಆ ಜಾಗದ ಝೋನಿಂಗ್, ಅಂದರೆ ಅಲ್ಲಿ ಏನು ಕಟ್ಟಬಹುದು ಎಂಬ ನಿಯಮ, ಕೇಳಿ. ‘ಬಯಲ ನೋಟ’ಕ್ಕೆಂದು ಹೆಚ್ಚು ಬೆಲೆ ಹೇಳಿದರೆ, ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ ನೋಡಿ. ಏಜೆಂಟ್ ಮಾತು ಬದಲಿಸುತ್ತಾನೆ.